ಕೈಗುರುತಿನ ಇಟ್ಟಿಗೆ

ಮೂವತ್ತೆಂಟು ವರ್ಷಗಳ ಹಿಂದೆ, ದೇವನೂರಿನ ಶಾಲೆಯ ಪ್ರಯೋಗಶಾಲೆಯನ್ನು ವಿಜ್ಞಾನದ ಟೀಚರ್ ಪಂಕಜಾಕ್ಷಮ್ಮ ತಮ್ಮ ಕೈಯಾರೆ ಕಟ್ಟಿದ್ದರು. ಗುತ್ತಿಗೆದಾರ ಅಡಿಪಾಯಕ್ಕೇ ಕೈಬಿಟ್ಟು ಹೋದಾಗ, ಗಾರೆಕೆಲಸದ ಮುನೀರ್ ಪಾಷಾನಿಂದ ಕರಣೆ ಹಿಡಿಯುವುದನ್ನು ಕಲಿತು, ಎಂಟು ತಿಂಗಳ ಭಾನುವಾರಗಳನ್ನು ಸುರಿದು, ಬೊಬ್ಬೆಯೆದ್ದ ಅಂಗೈಯಲ್ಲೇ ನಾಲ್ಕು ಗೋಡೆ ಎಬ್ಬಿಸಿದ್ದರು. ಆ ಗೋಡೆಗಳು ಇಂದಿಗೂ ತೂಗುಗುಂಡಿನ ದಾರದಷ್ಟು ನೆಟ್ಟಗಿವೆ. ಮೊಮ್ಮಗಳು ಕೃತಿಕಾ ಆ ಕತೆಯನ್ನು ಎಷ್ಟು ಸಲ ಕೇಳಿದರೂ ದಣಿಯಳು.

ಮಗಳಿಗೆ ವರ್ಗವಾಗಿ ಎಲ್ಲರೂ ಅಜ್ಜಂಪುರಕ್ಕೆ ಬಂದ ಮೇಲೆ, ಹಿತ್ತಿಲಲ್ಲಿ ಚಳಿ ಕಾಯಿಸಲೊಂದು ಇಟ್ಟಿಗೆಯ ಅಗ್ಗಿಷ್ಟಿಕೆ ಕಟ್ಟಿಸುವ ಆಸೆ ಪಂಕಜಾಕ್ಷಮ್ಮನಿಗಾಯಿತು. ಹಿರೇನಲ್ಲೂರಿನ ಕಡೆ ಪಾಳುಬಿದ್ದ ಇಟ್ಟಿಗೆಗೂಡೊಂದರಿಂದ ಹಳೆಯ ಇಟ್ಟಿಗೆ ತರಿಸಿದರು. ದೇವನೂರು ಬಿಟ್ಟು ಬಂದು ಈಗ ಪಕ್ಕದ ಮನೆಯಲ್ಲೇ ಇದ್ದ ಮುನೀರ್ ಪಾಷಾ ಕೆಲಸಕ್ಕೆಂದು ಬಂದವನು, ರಾಶಿಯಲ್ಲಿ ಒಂದು ಇಟ್ಟಿಗೆಯನ್ನು ಕಂಡವನೇ ಕರಣೆಯನ್ನು ಚೀಲಕ್ಕೆ ಸೇರಿಸಿದ. ಅದರ ಮೇಲೆ ಪುಟ್ಟ ಅಂಗೈಯೊಂದರ ಗುರುತು ಆಳವಾಗಿ ಇಳಿದಿತ್ತು.

“ಕರಿಸಿದ್ದಪ್ಪನ ಗೂಡಿಂದು ಇದು ಟೀಚರಮ್ಮ. ಅವ್ನ ಮಗಳ ಕೈನ ಹಸಿ ಇಟ್ಟಿಗೆ ಮೇಲೆ ಒತ್ತಿಸಿ ಯಾರೋ ಮಾಟ ಮಾಡ್ಸಿದ್ರು. ಗೂಡಿಗೆ ಬೆಂಕಿ ಹಾಕಿದ್ ದಿನಾನೇ ಮಗು ಮೈ ಕಾದು ಸತ್ತೋಯ್ತು. ಯಾರ ಕೈ ಇದಕ್ಕೆ ಹೊಂದುತ್ತೋ, ಉರಿ ಅವ್ರಿಗೆ.”

“ಕೈ ನಡುಗೋ ವಯಸ್ಸಾಯ್ತು ಅನ್ನು ಪಾಷಾ, ಮಾಟದ ಮೇಲೆ ಯಾಕೆ ಹಾಕ್ತೀಯ? ನಾನೇ ಕಟ್ಕೋತೀನಿ.”

“ಕಟ್ಕೊಳ್ಳಿ. ಅದೊಂದು ಮಾತ್ರ ಬೇಡ.”

ತೊಟ್ಟಿಯಲ್ಲಿ ನೆನೆಹಾಕಿದ ಇಟ್ಟಿಗೆಗಳೆಲ್ಲ ನೀರು ಕುಡಿದು ಸುಮ್ಮನಾದವು. ಕೈಗುರುತಿನದು ಮಾತ್ರ ಮರುದಿನವೂ ಉಸಿರಾಡುವಂತೆ ಗುಳ್ಳೆ ಬಿಡುತ್ತಿತ್ತು. ಒಳಗೆ ಟೊಳ್ಳಿರಬೇಕೆಂದುಕೊಂಡ ಪಂಕಜಾಕ್ಷಮ್ಮ, ಅಂದಕ್ಕಿರಲೆಂದು ಅದನ್ನೇ ಅಗ್ಗಿಷ್ಟಿಕೆಯ ಬಾಯಿಯ ನೆತ್ತಿಗೆ ಕೂರಿಸಿದರು. ಕೃತಿಕಾ ಓಡಿಬಂದು ಅದರೊಳಗೆ ಅಂಗೈಯಿಟ್ಟಳು.

“ನನ್ನ ಕೈಗೇ ಅಳತೆ ತಗೊಂಡಂಗಿದೆ ಅಜ್ಜಿ.”

ಪುಷ್ಯದ ಒಂದು ಮುಸ್ಸಂಜೆ ಮೊದಲ ಬೆಂಕಿ ಹೊತ್ತಿತು. ಸೌದೆ ಚಟಚಟನೆ ಸಿಡಿಯಿತು; ಹೊಗೆಯಲ್ಲಿ ಸುಟ್ಟ ಕೂದಲಿನ ಕಮಟು. ಪಂಕಜಾಕ್ಷಮ್ಮ ಕೈಗುರುತಿನ ಇಟ್ಟಿಗೆ ಮುಟ್ಟಿ ನೋಡಿದರು. ಬಾವಿಯೊಳಗಿನ ಕಲ್ಲಿನಂತೆ ತಣ್ಣಗಿತ್ತು. ಇಷ್ಟು ಬೆಂಕಿಯ ಕಾವು ಹೋಗುವುದಾದರೂ ಎಲ್ಲಿಗೆ?

ಮನೆಯೊಳಗಿನಿಂದ ಕೃತಿಕಾ ಚೀರಿದಳು.

ಮಗುವಿನ ಮೈ ಕಾದ ಹೆಂಚಾಗಿತ್ತು. ಹಣೆಗೆ ಹಾಕಿದ ಒದ್ದೆ ಬಟ್ಟೆ ಕ್ಷಣದಲ್ಲಿ ಒಣಗಿ ಮುರುಟಿತು. ಪಂಕಜಾಕ್ಷಮ್ಮ ಹಿತ್ತಿಲಿಗೆ ಓಡಿ ಕೊಡಗಟ್ಟಲೆ ನೀರು ಸುರಿದರು. ಬೆಂಕಿ ಆರಲಿಲ್ಲ. ಉರಿಯುವ ಸೌದೆಗಳನ್ನೆಲ್ಲ ಎಳೆದು ಬಿಸುಟರು. ಬರಿದಾದ ಬಾಯಲ್ಲಿ ಬೆಂಕಿ ಹಾಗೆಯೇ ಉರಿಯುತ್ತಿತ್ತು. ಸುತ್ತಿಗೆ ಎತ್ತಿ ಕೈಗುರುತಿನ ಮೇಲೆ ಒಂದೇಟು ಹಾಕಿದರು. ಒಳಗೆ ಮಗು, “ಅಜ್ಜಿ, ಕೈ” ಎಂದು ಅರಚಿತು.

“ಒಡೀಬೇಡಿ ಟೀಚರಮ್ಮ,” ಗೋಡೆಯಾಚೆಯಿಂದ ಪಾಷಾ ಕೂಗಿದ. “ಅದು ಮಗೂನೇ.”

ಸುತ್ತಿಗೆ ಕೆಳಗೆ ಬಿತ್ತು. ಕೂಗು ಸಣ್ಣದಾಯಿತು. ಇನ್ನೂ ಸಣ್ಣದಾಯಿತು. ಯಾರ ಕೈ ಹೊಂದುತ್ತೋ ಉರಿ ಅವರಿಗೆ. ಪಂಕಜಾಕ್ಷಮ್ಮ ಬಲಗೈಯನ್ನು ಆ ಪುಟ್ಟ ಗುರುತಿನ ಮೇಲಿಟ್ಟರು. ಹೊಂದಲಿಲ್ಲ. ಒತ್ತಿದರು. ಮೈಯ ಭಾರವೆಲ್ಲ ಹಾಕಿ ಒತ್ತಿದರು. ಸುಟ್ಟ ಇಟ್ಟಿಗೆ ಹಸಿಮಣ್ಣಿನಂತೆ ಮೆತ್ತಗಾಯಿತು. ಬೆರಳುಗಳು ಇಳಿದವು. ಉರಿ ಮೊಣಕೈವರೆಗೆ ಏರಿತು. ಕೈ ತೆಗೆಯಲಿಲ್ಲ. ಕಣ್ಣು ಕತ್ತಲಿಟ್ಟಿತು. ತೆಗೆಯಲಿಲ್ಲ. ಬೆಂಕಿ ನಂದಿತು.

ಒಳಗೆ ಕೃತಿಕಾ ನೀರು ಕೇಳಿದಳು.

ತಿಂಗಳು ಕಳೆಯಿತು. ಆ ಇಟ್ಟಿಗೆಯೀಗ ನುಣುಪು, ಗುರುತೇ ಇಲ್ಲ. ಪಂಕಜಾಕ್ಷಮ್ಮನ ಬಲಗೈ ಇಟ್ಟಿಗೆಯ ಕೆಂಪಾಗಿ ಕಲ್ಲುಗಟ್ಟಿದೆ, ಮಡಚಲು ಬಾರದು, ನೋಯದು. ಅಂಗೈ ನಡುವೆ ಪುಟ್ಟ ಐದು ಬೆರಳ ಗುರುತು ಇಳಿದು ಕೂತಿದೆ. ಒಮ್ಮೆ ದೀಪದ ಹತ್ತಿರ ಆ ಕೈ ಹೋದಾಗ, ಪಡಸಾಲೆಯಲ್ಲಿ ಆಡುತ್ತಿದ್ದ ಕೃತಿಕಾ ಬೆವೆತಳು. ಅಂದಿನಿಂದ ಅವರು ಒಲೆಯತ್ತ ಸುಳಿದಿಲ್ಲ. ತಮ್ಮ ಜನ ಸತ್ತವರನ್ನು ಸುಡುವವರಲ್ಲ, ಮಣ್ಣಿಗಿಡುವವರು ಎಂಬುದೊಂದೇ ಈಗ ಅವರಿಗುಳಿದ ಧೈರ್ಯ. ಆ ಮಾತನ್ನು ಮಗಳಿಂದ ಮೂರು ಸಲ ಆಣೆಯಿಡಿಸಿ ಗಟ್ಟಿಮಾಡಿಕೊಂಡಿದ್ದಾರೆ.

ಕೃತಿಕಾ ಆ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಗುರುತಿನೊಳಗೆ ತನ್ನ ಅಂಗೈ ಹೊಂದಿಸಿದಳು.

“ಅಜ್ಜಿ, ಗೋಡೆ ಕಟ್ಟಿದ್ ಕತೆ ಇನ್ನೊಂದ್ಸಲ ಹೇಳಜ್ಜಿ.”