ನೀಲಿ ಮಣಿಯ ಗಾಲಿ

"ಈ ಗಾಲಿ ನಂದು."

ಬಳಗಾನೂರಿನ ಬಸ್‌ಸ್ಟ್ಯಾಂಡಿನ ಎದುರು, ಹಾಜಿರಾಬೀಯ ಹಿಟ್ಟಿನ ಗಿರಣಿಯ ಮುಂದೆ ನಿಂತು ಅಮರೇಶ್ವರಿ ಆಡಿದ ಮೊದಲ ಮಾತು ಇದು. ಲಿಂಗಸುಗೂರಿನ ಬಸ್ಸಿನಿಂದ ಇಳಿದವಳು ಇನ್ನೂ ಹೆಗಲಿನ ಬ್ಯಾಗನ್ನು ಕೆಳಗಿಟ್ಟಿರಲಿಲ್ಲ.

ಅವಳ ಕಣ್ಣು ನೆಟ್ಟಿದ್ದು ಸೈಕಲ್ಲೊಂದರ ಹಿಂದೆ ಜೋಡಿಸಿದ್ದ ಪುಟ್ಟ ಬಂಡಿಯ ಮೇಲೆ. ಹಳೆಯ ಕಬ್ಬಿಣದ ಮಂಚವನ್ನು ಕೊಯ್ದು, ನವಾರ ಪಟ್ಟಿ ಹೆಣೆದು, ಎರಡು ಸೈಕಲ್ ಗಾಲಿ ಕೂರಿಸಿ ಮನೆಯಲ್ಲೇ ಮಾಡಿದ ಬಂಡಿ. ತಿರುವಿನಲ್ಲಿ ಮುರಿಯದಿರಲೆಂದು ದಪ್ಪ ರಬ್ಬರ್ ಪೈಪಿನ ತುಂಡಿನಿಂದ ಅದನ್ನು ಸೈಕಲ್ಲಿಗೆ ಸೇರಿಸಲಾಗಿತ್ತು. ಮೇಲೆ ಎರಡು ಹಿಟ್ಟಿನ ಡಬ್ಬಿ, ಒಂದು ಗ್ಯಾಸ್ ಸಿಲಿಂಡರ್, ಯಾರದೋ ಮನೆಯ ರೇಷನ್ ಅಕ್ಕಿ.

ಬಲಗಡೆ ಗಾಲಿಯ ಕಡ್ಡಿಗಳಲ್ಲಿ ಕೆಂಪು, ಹಳದಿ ಮಣಿಗಳು. ಅವುಗಳ ನಡುವೆ ಒಂದೇ ಒಂದು ನೀಲಿ ಮಣಿ...

ಆ ನೀಲಿ ಮಣಿ ಅವಳ ಹರಿದ ಸರದ್ದು. ಎಂಟನೇ ಕ್ಲಾಸಿನಲ್ಲಿ ಅವಳೇ ದಾರದಿಂದ ಕಟ್ಟಿದ್ದು.

ಡಬ್ಬಿ ಎತ್ತಿಡುತ್ತಿದ್ದವನು ಬೆನ್ನು ನೆಟ್ಟಗೆ ಮಾಡಿದ. ಹನುಮಂತು. ಭುಜ ಅಗಲವಾಗಿವೆ, ಮೀಸೆ ದಪ್ಪಗಾಗಿದೆ. ಅವಳನ್ನು ಕಂಡರೆ ಕಿವಿ ಕೆಂಪಾಗುವುದು ಮಾತ್ರ ಇನ್ನೂ ನಿಂತಿಲ್ಲ.

"ಹೌದು, ನಿಂದ," ಎಂದ.

"ಆ ಕಡೀದು?"

"ಅದೂ ನಿಂದ."

"ಹಂಗಾದ್ರ ಎರಡೂ ಕೊಡು."

ಗಿರಣಿಯೊಳಗಿಂದ ಹಾಜಿರಾಬೀ ತಲೆ ಹೊರಹಾಕಿದಳು. "ಯವ್ವಾ, ಬಂದಾಕಿ ಮೊದ್ಲ ನೀರು ಕುಡಿ. ಜಗಳ ಎಲ್ಲಿಗೂ ಓಡಿ ಹೋಗಂಗಿಲ್ಲ."

ಹನುಮಂತು ಹಗ್ಗ ಬಿಗಿದ. "ಈ ಮಾಲು ಮುಟ್ಟಿಸಿ, ಹೊತ್ತು ಮುಳುಗೋದ್ರಾಗ ತಂದು ಕೊಡ್ತೀನಿ."

ಅಷ್ಟೇ. ಪೆಡಲ್ ತುಳಿದು ಹೊರಟೇಬಿಟ್ಟ. ಬಾಯಿ ಬಿಟ್ಟು ಜಗಳ ಆಡಿದ್ದರೂ ಅವಳಿಗೆ ಸಮಾಧಾನ ಆಗುತ್ತಿತ್ತು. ಕೇಳಿದ ಕೂಡಲೇ ಕೊಡುತ್ತೇನೆಂದರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ?

ಮನೆಯ ಕಡೆ ಕಾಲುವೆ ದಂಡೆಯಲ್ಲಿ ನಡೆಯುವಾಗ ಹಳೆಯದೆಲ್ಲ ಒಂದೊಂದಾಗಿ ಎದುರು ಬಂತು.

ಎಂಟನೇ ಕ್ಲಾಸಿನ ಆ ವರ್ಷ ಎಲ್ಲರಿಗೂ ಸರ್ಕಾರಿ ಸೈಕಲ್ ಸಿಕ್ಕಿತ್ತು. ಎಲ್ಲವೂ ಒಂದೇ ಬಣ್ಣ. ಗುರುತಿಗೆಂದು ಅವಳು ಮಣಿ ಹಾಕಿದ್ದಳು. ವಾರಕ್ಕೆರಡು ಸಲವಾದರೂ ಅವಳ ಸೈಕಲ್ಲಿನ ಚೈನ್ ಇದೇ ದಂಡೆಯ ಮೇಲೆ ಬೀಳುತ್ತಿತ್ತು. "ಹನುಮಂತು, ಚೈನ್ ಬಿದ್ದೈತಿ," ಎಂದರೆ ಸಾಕು. ಸ್ಕೂಲಿಗೆ ಹೊತ್ತಾಗುತ್ತದೆಂದು ಅವನು ಅವಳ ವೇಲನ್ನು ತನ್ನ ಕ್ಯಾರಿಯರ್‌ಗೆ ಕಟ್ಟಿ, ಇನ್ನೊಂದು ತುದಿಯನ್ನು ಅವಳ ಹ್ಯಾಂಡಲ್‌ಗೆ ಕಟ್ಟಿ ಎಳೆಯುತ್ತಿದ್ದ. ಭತ್ತದ ಗದ್ದೆಯ ಗಾಳಿ, ಮುಂದೆ ಅವನ ಬೆವೆತ ಬಿಳಿ ಅಂಗಿ... ಅವಳು ಪೆಡಲ್ ತುಳಿಯದೆ ರಾಣಿಯ ಹಾಗೆ ಕುಳಿತಿರುತ್ತಿದ್ದಳು.

ನರ್ಸಿಂಗ್ ಸೀಟು ಸಿಕ್ಕಿ ಲಿಂಗಸುಗೂರಿನ ಹಾಸ್ಟೆಲ್ಲಿಗೆ ಹೊರಟ ದಿನ ಸೈಕಲ್ಲನ್ನು ಅವನ ಕೈಗೆ ಕೊಟ್ಟಿದ್ದಳು.

"ನಾ ಬರೋತನಕ ಇದನ್ನ ಕಾಯ್ಕೊಂಡಿರ್ತೀಯೇನು?"

"ಇರ್ತೀನಿ."

ಕೇಳಿದ್ದು ಸೈಕಲ್ಲಿನ ವಿಷಯವಷ್ಟೇ ಅಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ದಸರಾ ರಜೆಗೆ ಓಡೋಡಿ ಬಂದಳು. ಅವನ ಮನೆಗೆ ಬೀಗ. ಜಗಲಿಯ ಗೋಡೆಗೆ ಅವಳ ಸೈಕಲ್ ಆನಿಸಿಟ್ಟಿತ್ತು. ಎರಡೂ ಗಾಲಿ ಇರಲಿಲ್ಲ. ಕಿತ್ತು ಗುಜರಿಗೆ ಹಾಕಿದ್ದಾನೆ... ನನಗೆ ಕೊಟ್ಟ ಉತ್ತರ ಇದೇ ಎಂದುಕೊಂಡು, ಬಂದ ಬಸ್ಸಿಗೇ ವಾಪಸ್ ಹತ್ತಿದ್ದಳು.

ಕೇಳಬಹುದಿತ್ತು. ಅವಳಿಗೆ ಬಾಯಿ ಇರಲಿಲ್ಲವೇ? ಆದರೆ ಹದಿನೆಂಟರ ಸಿಟ್ಟಿಗೆ ಕೇಳುವ ಪುರುಸೊತ್ತು ಎಲ್ಲಿರುತ್ತದೆ ಹೇಳಿ. ಮುಂದೆ ಅಪ್ಪನಿಗೂ ಲಿಂಗಸುಗೂರಿನ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಕೆಲಸ ಸಿಕ್ಕಿ ಮನೆಯೇ ಅಲ್ಲಿಗೆ ಹೋಯಿತು. ಬಳಗಾನೂರು ತಪ್ಪಿಹೋಯಿತು. ಅಪ್ಪ ಊರಿಗೆ ಮರಳಿದ್ದು ಹೋದ ತಿಂಗಳಷ್ಟೇ.

ತಾಯಿ ಇಲ್ಲದ ಮಗಳಿಗೆ ಅಪ್ಪ ಪಕೀರಪ್ಪ ತಾನೇ ಚಹಾ ಮಾಡಿಕೊಟ್ಟ.

"ಮಸ್ಕಿಯವ್ರು ದೀಪ ಹಚ್ಚೋ ಹೊತ್ತಿಗೆ ಫೋನ್ ಮಾಡ್ತಾರವ್ವ. ಹುಡುಗ ಚಲೋ ಅದಾನ. ನೀ ಹೂಂ ಅಂದ್ರ ಹೂಂ, ಉಹೂಂ ಅಂದ್ರ ಉಹೂಂ. ಆದ್ರ ಇವತ್ತ ಹೇಳು. ಪಾಪ, ಅವರನ್ನ ಎಷ್ಟು ದಿನ ಕಾಯಿಸೋದು?"

ಹೂಂ ಅನ್ನಲೆಂದೇ ಬಂದಿದ್ದಳು. ಬಸ್ಸಿನಲ್ಲಿ ಗಟ್ಟಿಮನಸ್ಸು ಮಾಡಿಕೊಂಡಿದ್ದಳು. ಈಗ ಚಹಾ ಆರುತ್ತಿದ್ದರೂ ತಲೆಯಲ್ಲಿ ಅದೊಂದೇ ಪ್ರಶ್ನೆ. ಗುಜರಿಗೆ ಹಾಕಿದ್ದರೆ ಗಾಲಿ ಇವನ ಬಂಡಿಗೆ ಹೇಗೆ ಬಂತು? ಇಷ್ಟು ವರ್ಷ ಅಕ್ಕಿ, ಗ್ಯಾಸು ಹೊತ್ತ ಗಾಲಿಯಲ್ಲಿ ದಾರದಿಂದ ಕಟ್ಟಿದ ಮಣಿ ಹೇಗೆ ಉಳಿಯಿತು? ದಾರ ಒಂದು ಮಳೆಗಾಲಕ್ಕೇ ಕೊಳೆಯುತ್ತದೆ.

ಯಾರೋ ಮತ್ತೆ ಮತ್ತೆ ಕಟ್ಟುತ್ತಿರಬೇಕು... ಆ ಯೋಚನೆ ಬಂದದ್ದೇ ಅವಳು ಚಹಾ ಅಲ್ಲೇ ಬಿಟ್ಟು ಅಂಗಳಕ್ಕೆ ಬಂದಳು.

ಹೊತ್ತು ಮುಳುಗುವಾಗ ಹನುಮಂತು ಬಂದ. ತನ್ನ ಸೈಕಲ್ ತುಳಿಯುತ್ತ, ಎಡಗೈಯಲ್ಲಿ ಇನ್ನೊಂದು ಸೈಕಲ್ಲಿನ ಹ್ಯಾಂಡಲ್ ಹಿಡಿದು ಜೊತೆಗೆ ಓಡಿಸಿಕೊಂಡು ಬಂದಿದ್ದ. ಅವಳ ಸೈಕಲ್. ಎರಡೂ ಗಾಲಿ ಕೂತಿದ್ದವು. ಬೆಲ್ಲೂ ಇತ್ತು. ಎಣ್ಣೆ ಹಚ್ಚಿದ ಚೈನ್ ಹೊಳೆಯುತ್ತಿತ್ತು.

"ತಗೋ," ಎಂದು ಸ್ಟ್ಯಾಂಡ್ ಹಾಕಿದ.

"ನಿನ್ನ ಬಂಡಿ?"

"ಮನ್ಯಾಗ ಐತಿ. ಗಾಲಿ ಇಲ್ದ ಎಲ್ಲಿಂದ ಓಡ್ತೈತಿ?"

"ನಾಳೆ ಮಂದಿ ಗ್ಯಾಸು, ಹಿಟ್ಟು?"

"ಹೊತ್ಕೊಂಡು ಹೋಗ್ತೀನಿ ಬಿಡು."

ಅಮರೇಶ್ವರಿ ಗಾಲಿಯ ನೀಲಿ ಮಣಿಯನ್ನು ಮುಟ್ಟಿ ನೋಡಿದಳು. ಹತ್ತು ವರ್ಷದ ಹಿಂದೆ ಕೇಳಬೇಕಿದ್ದ ಮಾತನ್ನು ಕಡೆಗೂ ಕೇಳಿದಳು.

"ಆವಾಗ ಯಾಕ ಕಿತ್ತಿದ್ದಿ?"

ಅವನು ಸೀಟಿನ ಧೂಳು ಒರೆಸುತ್ತ ನಿಂತ. "ಅವ್ವ ಮಾಳಿಗಿ ಮ್ಯಾಲಿಂದ ಬಿದ್ದು ಕಾಲು ಮುರ್ಕೊಂಡಿದ್ಲು. ತೊಡಿತನಕ ಪ್ಲಾಸ್ಟರ್. ಕಾಲು ಮಡಚಾಕ ಬರ್ತಿರಲಿಲ್ಲ. ಆಟೋದಾಗ ಕೂಡಾಕ ಆಗ್ತಿರಲಿಲ್ಲ, ಮಳಿಗೆ ಈ ದಂಡಿಗೆ ಯಾವ ಗಾಡೀನೂ ಬರ್ತಿರಲಿಲ್ಲ. ಅಕಿ ಮಂಚಕ್ಕ ಗಾಲಿ ಹಾಕಿ ಕಾಲು ಚಾಚಿ ಮಲಗಿಸಿದೆ. ನೀ ದಸರಾಕ್ಕ ಬಂದ ದಿನ ದವಾಖಾನಿಗೇ ಹೋಗಿದ್ವಿ."

"ನಿನ್ನ ಸೈಕಲ್ ಗಾಲಿ ಕೀಳಬೇಕಿತ್ತು."

"ಎಳೆಯೋದು ಯಾವುದರಾಗ? ಹುಡುಗೇರ ಸೈಕಲ್ ಅಷ್ಟು ಭಾರ ಎಳೀತೈತೇನು?"

ಇಷ್ಟು ಸರಳ ಉತ್ತರ...

"ನನಗೊಂದು ಮಾತು ಹೇಳಬೇಕಿತ್ತಲ್ಲ."

"ಹೇಳಾಕಂತ ಲಿಂಗಸುಗೂರಿನ ಹಾಸ್ಟೆಲ್ಲಿಗೆ ಬಂದಿದ್ನಿ. ಗಾಲಿ ಕಳ್ಳನ್ನ ನೋಡಂಗಿಲ್ಲ ಅಂತ ಗೇಟಿನವನ ಕೈಲಿ ಹೇಳಿ ಕಳಿಸಿದ್ದಿ."

ಹೌದು. ಕಳಿಸಿದ್ದಳು. ಆಮೇಲೆ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದಳು. ಈಗ ನೆನೆದರೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕೆನಿಸಿತು.

"ಅವ್ವನ ಕಾಲು ನೆಟ್ಟಗಾದ ಮ್ಯಾಲರ ಬಿಚ್ಚಬೇಕಿತ್ತು," ಎಂದಳು ಮೆಲ್ಲಗೆ.

"ಬಿಚ್ಚಿ ಗ್ವಾಡಿಗೆ ಆನಿಸಿದ್ರ ತುಕ್ಕು ಹಿಡೀತಿತ್ತು. ಕಾಯ್ಕೊಂಡಿರು ಅಂದಿದ್ದಿ. ಬಂಡ್ಯಾಗ ಇದ್ರ ದಿನಾ ನನ್ನ ಹಿಂದ ಬರ್ತಿತ್ತು..." ಹನುಮಂತು ನೆಲ ನೋಡಿದ. "ನೀನ ಬಂದಂಗ ಆಗ್ತಿತ್ತು."

ಅವಳ ಕಣ್ಣು ತುಂಬಿದವು. ಒಳಗೆ ಫೋನ್ ಬಡಿದುಕೊಂಡಿತು.

"ಮಸ್ಕಿಯವ್ರದವ್ವ," ಪಕೀರಪ್ಪ ಬಾಗಿಲಿಗೆ ಬಂದ. ಅಂಗಳದಲ್ಲಿದ್ದ ಎರಡು ಸೈಕಲ್ ನೋಡಿದ, ಮಗಳ ಮುಖ ನೋಡಿದ. "ಏನ್ ಹೇಳಲಿ?"

"ಉಹೂಂ ಅನ್ನಪ್ಪ. ಮನಸ್ಸಿಗೆ ನೋವಾಗದಂಗ ಚಂದಾಗಿ ಹೇಳು."

ಅಪ್ಪ ಏನೂ ಕೇಳದೆ ಒಳಗೆ ಹೋದ. ಹನುಮಂತುವಿನ ಕಿವಿ ಮತ್ತೆ ಕೆಂಪಾದವು. ಕೇಳಿಸದವನ ಹಾಗೆ ತನ್ನ ಸೈಕಲ್ ಹತ್ತಲು ಹೋದ. ಇವನೊಬ್ಬ ಪುಣ್ಯಾತ್ಮ. ಇಷ್ಟು ಕೇಳಿದ ಮೇಲೂ ಹೊರಟು ನಿಲ್ಲುತ್ತಾನೆ!

"ಹನುಮಂತು..."

"ಹೂಂ?"

"ಚೈನ್ ಬಿದ್ದೈತಿ."

ಅವನು ಬಂದು ಕುಕ್ಕರಗಾಲಲ್ಲಿ ಕುಳಿತು ನೋಡಿದ. ಚೈನ್ ಇದ್ದಲ್ಲೇ ಇತ್ತು. ತಲೆಯೆತ್ತಿದರೆ ಅವಳು ಹೆಗಲಿನ ವೇಲ್ ತೆಗೆದು ಒಂದು ತುದಿಯನ್ನು ಅವನ ಮುಂದೆ ಹಿಡಿದಿದ್ದಳು.

"ಬಿದ್ದಿಲ್ಲಲ್ಲ," ಎಂದ.

"ಆವಾಗೂ ತಾನಾಗಿ ಬೀಳ್ತಿರಲಿಲ್ಲ. ನಾನ ಕಾಲಿಂದ ಕೆಡವ್ತಿದ್ದೆ."

ಹನುಮಂತು ವೇಲಿನ ತುದಿಯನ್ನು ತೆಗೆದುಕೊಂಡು ಕ್ಯಾರಿಯರ್‌ಗೆ ಗಂಟು ಹಾಕಿದ. ಹಳೆಯ ಗಂಟೇ, ಎರಡು ಸುತ್ತು.

"ಒಂದು ನಟ್ ಬಿಗಿ ಮಾಡಿದ್ರ ಚೈನ್ ಬೀಳೋದು ನಿಲ್ತಿತ್ತು," ಎಂದ. "ನನಗ ಗೊತ್ತಿತ್ತು. ಮಾಡಲಿಲ್ಲ."

ಅವಳು ಅಳುತ್ತಲೇ ನಕ್ಕಳು.

"ನಾಳೆ ಗಾಲಿ ಮತ್ತ ಬಂಡಿಗೆ ಹಾಕು. ಆದ್ರ ಈ ಸಲ ನನ್ನ ಕೇಳಿ ಹಾಕಬೇಕು."

"ಗಾಲಿ ಕೊಡ್ತೀಯೇನು?"

"ಗಾಲಿ ಒಂದ ಕೇಳಿದ್ರ ಕೊಡಂಗಿಲ್ಲ."

ಹನುಮಂತು ಅವಳ ಕಣ್ಣನ್ನೇ ನೋಡಿದ. "ಹಂಗಾದ್ರ ನೀನೂ ಬರ್ತೀಯೇನು?"

ಅಮರೇಶ್ವರಿ ವೇಲಿನ ಇನ್ನೊಂದು ತುದಿಯನ್ನು ತನ್ನ ಹ್ಯಾಂಡಲ್‌ಗೆ ಕಟ್ಟಿ, ಸೈಕಲ್ ಏರಿ ಕುಳಿತು, ಪೆಡಲಿನಿಂದ ಕಾಲು ತೆಗೆದಳು.

"ಎಳಿ," ಎಂದಳು. "ಮೊದ್ಲ ನಿಮ್ಮವ್ವನ್ನ ಮಾತಾಡಿಸೋಣ ನಡಿ."