ಟಬ್ಬಿಗೆ ಇಳಿದವರು

ಚಳ್ಳಕೆರೆಯ ಎಣ್ಣೆ ಮಿಲ್ ಮಾಲೀಕರ ಮನೆಯಲ್ಲಿ ಬಿಸಿನೀರಿನ ಟಬ್ ತೊಳೆಯುವ ಕೆಲಸ ನನ್ನದು. ಮಂಡಿನೋವಿಗೆಂದು ಅದರಲ್ಲಿ ಕೂರುವವರು ಯಜಮಾನಿ ಸರ್ವಮಂಗಳಮ್ಮ ಒಬ್ಬರೇ. ಮೊನ್ನೆ ಅವರು ನಾಯಕನಹಟ್ಟಿಗೆ ಹೊರಟಿದ್ದರು. ನಾನು ಕರೆಂಟ್ ತೆಗೆದು, ಹಳೇ ನೀರು ಬಿಟ್ಟು, ಗೋಡೆಯ ಲೋಳೆ ಉಜ್ಜಿ, ತಣ್ಣನೆಯ ಬೋರ್ ನೀರು ತುಂಬಿಸಿ ನಲ್ಲಿ ನಿಲ್ಲಿಸಿದೆ.

ನಿಂತ ನೀರು ಮೆಲ್ಲಗೆ ಮೇಲೇರಿತು. ಯಾರೋ ಒಳಗೆ ಕೂತಂತೆ ಅಂಚು ದಾಟಿ ನನ್ನ ಪಾದದ ಮೇಲೆ ಚೆಲ್ಲಿತು. ಚೆಲ್ಲಿದ ನೀರು ಬೆಚ್ಚಗಿತ್ತು. ಟಬ್ಬಿನಲ್ಲಿ ಯಾರೂ ಇರಲಿಲ್ಲ.

ಅಷ್ಟರಲ್ಲಿ ಸೊಸೆ ಶಿವರಂಜನಿ ಟವೆಲ್ ಹಿಡಿದು ಓಡಿ ಬಂದರು.

"ಅತ್ತೆ ವಾಪಸ್ ಬಂದ್ರಾ? ಟವೆಲ್ ತಾ ಅಂತ ಕೂಗಿದ್ರು."

"ಇಲ್ರೀ ಅಕ್ಕಾ, ಇಲ್ಲಿ ನಾನೊಬ್ನೇ ಇರೋದು."

ಅವರು ಅತ್ತೆಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದರು. ಬಸ್ಸಿನ ಸದ್ದಿನ ನಡುವೆ ಸರ್ವಮಂಗಳಮ್ಮನ ದನಿ ಕೇಳಿತು.

"ಈಗ್ತಾನೆ ನಿದ್ದೆಯಿಂದ ಎದ್ದೆ ಕಣೇ. ಕಿಟಕಿ ಮುಚ್ಚೇ ಐತೆ, ನನ್ ಸೀರೆಯೆಲ್ಲ ಹೆಂಗೆ ನೆಂದೈತೋ ಗೊತ್ತಾಗ್ತಿಲ್ಲ."