ಬೆಲ್ಲಿಯ ಮೀಸೆ

"ಹೋಗೇ, ಒಳಕ್ಕೋಗು! ದಿನಾ ನುಗ್ತಿದ್ದ ಕಿಂಡಿ ತಾನೇ? ಏನ್ ರೋಗ ಬಂತೇ ನಿಂಗೆ?"

ಸೊಣ್ಣಮ್ಮಜ್ಜಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಬೆಕ್ಕನ್ನು ಗದರುತ್ತಿದ್ದಳು. ಬೆಕ್ಕು ಉಗ್ರಾಣದ ಬಾಗಿಲ ಮುಂದೆ ಕೂತಿತ್ತು. ಬಾಗಿಲಿನ ಕೆಳಮೂಲೆಯಲ್ಲಿ ಹಲಗೆ ಮುರಿದು ಒಂದು ಕಿಂಡಿಯಾಗಿತ್ತು. ಬೆಕ್ಕು ಕಿಂಡಿಗೆ ಮುಖ ಇಟ್ಟಿತು. ತಲೆಯನ್ನು ಅತ್ತ ಆಡಿಸಿತು, ಇತ್ತ ಆಡಿಸಿತು. ಹಿಂದಕ್ಕೆ ಬಂದು ಕೂತಿತು. ಇನ್ನೊಮ್ಮೆಯೂ ಹಾಗೇ ಮಾಡಿತು.

ನೀರಿನ ಕೊಡ ಹಿಡಿದುಕೊಂಡು ಹೋಗುತ್ತಿದ್ದ ಮಹಾನಂದಾ ಅಲ್ಲೇ ನಿಂತಳು.

ಪೀಣ್ಯದ ಆ ಗಲ್ಲಿಯಲ್ಲಿ ಮುಂದುಗಡೆ ಸೊಣ್ಣಮ್ಮಜ್ಜಿಯ ದಿನಸಿ ಅಂಗಡಿ. ಅಂಗಡಿಯ ಬೆನ್ನಿಗೆ ಅಕ್ಕಿ, ರಾಗಿ ಮೂಟೆಗಳ ಉಗ್ರಾಣ. ಅದರ ಹಿಂದೆ ಅಜ್ಜಿಯವೇ ಆದ, ಶೀಟ್ ಹೊದಿಸಿದ ನಾಲ್ಕು ಬಾಡಿಗೆ ರೂಮುಗಳು. ಮೂರನೆಯ ರೂಮಿನಲ್ಲಿ ಮಹಾನಂದಾ ಅಪ್ಪ, ಯವ್ವನ ಜೊತೆ ಇದ್ದಳು. ಅವರು ಬಾಗಲಕೋಟೆ ಕಡೆಯಿಂದ ಬಂದು ಒಂದು ವರ್ಷವಾಗಿತ್ತು. ಉಗ್ರಾಣಕ್ಕೆ ಯಾವಾಗಲೂ ಬೀಗ. ಬೀಗ ತೆಗೆಯದೆ ಒಳಗೆ ಹೋಗಿ ಬರುವವಳು ಒಬ್ಬಳೇ, ಬೆಲ್ಲದ ಬಣ್ಣದ ಬೆಕ್ಕು ಬೆಲ್ಲಿ. ಅವಳ ಭಯಕ್ಕೆ ಇಲಿಗಳು ಆ ಕಡೆ ತಲೆ ಹಾಕುತ್ತಿರಲಿಲ್ಲ.

ಈಗ ಹಾಕುತ್ತಿದ್ದವು.

"ಅಮ್ಮೋ, ಎರಡು ಮೂಟೆ ತೂತಾಗಿದೆ ಕಣಮ್ಮೋ!" ಎನ್ನುತ್ತ, ಮೂಟೆ ನೋಡಲು ಬೀಗ ತೆಗೆದು ಒಳಗೆ ಹೋಗಿದ್ದ ಅಜ್ಜಿಯ ಮಗ ಚಿನ್ನಪ್ಪ ಉಗ್ರಾಣದಿಂದ ಹೊರಗೆ ಬಂದ. ಅವನ ಅಂಗೈ ತುಂಬ ನೆಲದಿಂದ ಬಾಚಿದ ರಾಗಿ. "ಬೆಕ್ಕು ಸಾಕ್ಕೊಂಡು ಇಲಿಗೆ ಊಟ ಹಾಕ್ತಿದ್ದೀವಿ ನಾವು."

"ವಯಸ್ಸಾಯ್ತು ಬಿಡು ಅದಕ್ಕೆ," ಅಂದಳು ಅಜ್ಜಿ. "ಮೊನ್ನೆ ಕಾಂಪೌಂಡ್ ಅತ್ತಾಕೋಗಿ ಬಿತ್ತು. ಆಲಿನ ಬಟ್ಲಿಗೆ ಮೂಗು ಅದ್ಕೊಂಡು ಸೀನ್ತು. ಕಣ್ಣು ಓಗೈತೆ. ಭಾನುವಾರ ನಿನ್ನ ಟೆಂಪೋದಾಗೆ ಆನೇಕಲ್‌ಗೆ ಆಕ್ಕೊಂಡೋಗು. ನಿಮ್ಮ ಮಾವನ ತೋಟದಾಗೆ ಬಿದ್ದಿರ್ಲಿ. ಇಲ್ಲಿಗೆ ಬೇರೆ ಮರಿ ತರಾನ."

"ಅಲ್ಲಿ ಮೂರು ನಾಯಿ ಅವೆ ಕಣಮ್ಮ."

"ಇದ್ರೆ ಏನು, ಮರ ಅತ್ಕೊಂತೈತೆ ಬಿಡು."

ಕಾಂಪೌಂಡೇ ಹತ್ತಲಾರದ ಬೆಕ್ಕು ಮರ ಹೇಗೆ ಹತ್ತುತ್ತದೆ? ಮಹಾನಂದಾ ಕೊಡವನ್ನು ಸೊಂಟಕ್ಕೆ ಏರಿಸಿಕೊಂಡಳು. ಕೊಡದಿಂದ ನೀರು ತುಳುಕಿ ಪಾದ ಒದ್ದೆಯಾಯಿತು. ಬೆಲ್ಲಿಗೆ ವಯಸ್ಸೂ ಆಗಿಲ್ಲ, ಕಣ್ಣೂ ಹೋಗಿಲ್ಲ ಎಂದು ಈ ವಠಾರದಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ.

ಹೋದ ಭಾನುವಾರ ಯವ್ವ ಗಾರ್ಮೆಂಟ್ಸ್ ಫ್ಯಾಕ್ಟರಿಯಿಂದ ಸ್ಕೂಲ್ ಯೂನಿಫಾರ್ಮಿನ ಷರ್ಟುಗಳ ದೊಡ್ಡ ಗಂಟೊಂದನ್ನು ಮನೆಗೆ ತಂದಿದ್ದಳು. ಹೊಲಿಗೆ ಮುಗಿದ ಷರ್ಟುಗಳಲ್ಲಿ ದಾರದ ತುದಿಗಳು ಉಳಿದಿರುತ್ತವೆ. ಅವನ್ನೆಲ್ಲ ಟ್ರಿಮ್ಮರ್‌ನಿಂದ ಕತ್ತರಿಸುವುದು ಯವ್ವನ ಕೆಲಸ. ಟ್ರಿಮ್ಮರ್ ಅಂದರೆ ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಕತ್ತರಿ. ಒತ್ತಿದರೆ ಚಕ್, ಬಿಟ್ಟರೆ ತಾನೇ ಬಾಯಿ ತೆರೆಯುತ್ತದೆ. ಒಂದು ದಾರ ನೇತಾಡುತ್ತಿದ್ದರೂ ಚೆಕಿಂಗ್‌ನವರು ಇಡೀ ಪೀಸನ್ನು ವಾಪಸ್ ಎಸೆಯುತ್ತಾರೆ. ಹಿಂದಿನ ವಾರ ಹನ್ನೊಂದು ಪೀಸು ಹಾಗೆ ವಾಪಸ್ ಬಂದು ಯವ್ವ ಕಣ್ಣೀರು ಹಾಕಿದ್ದಳು.

ಅದಕ್ಕೇ ಮಹಾನಂದಾಳೂ ಇನ್ನೊಂದು ಟ್ರಿಮ್ಮರ್ ಹಿಡಿದು ಕೂತಿದ್ದಳು. ಯವ್ವ ಊರಿನ ಭಜನೆಯ ಧಾಟಿಯೊಂದನ್ನು ಗುನುಗುತ್ತಿದ್ದಳು. ಎರಡು ಟ್ರಿಮ್ಮರುಗಳು ತಾಳ ಹಾಕುತ್ತಿದ್ದವು. ಕಾಲರಿನ ದಾರ ಚಕ್. ಗುಂಡಿಯ ದಾರ ಚಕ್. ಜೇಬಿನ ಮೂಲೆ ಚಕ್, ಚಕ್. ಬೆಲ್ಲಿ ಎಂದಿನಂತೆ ಬಂದು ಮಹಾನಂದಾಳ ತೊಡೆಯ ಮೇಲಿನ ಷರ್ಟಿನಲ್ಲೇ ಸುರುಳಿಯಾಗಿ ಮಲಗಿತು.

ಯವ್ವ ಒಲೆಯ ಮೇಲಿನ ಬೇಳೆ ನೋಡಲು ಎದ್ದಳು. ಹಾಡು ನಿಂತರೂ ಮಹಾನಂದಾಳ ಕೈ ನಿಲ್ಲಲಿಲ್ಲ. ಷರ್ಟಿನ ಅಂಚು ಮುಗಿದ ಕಡೆ ಬೆಲ್ಲಿಯ ಕೆನ್ನೆ ಇತ್ತು. ಕೆನ್ನೆಯಿಂದ ಬಿಳೀ ದಾರದಂಥವು ಹೊರಗೆ ಚಾಚಿದ್ದವು. ಒಂದು ಉದ್ದ, ಒಂದು ಗಿಡ್ಡ, ಒಂದು ಸೊಟ್ಟ. ಚಕ್. ಒಂದು ಹೋಯಿತು. ಈಗ ಉಳಿದವು ಇನ್ನೂ ಸೊಟ್ಟ ಕಂಡವು. ಚಕ್, ಚಕ್. ಆ ಕಡೆಯದನ್ನೂ ಸಮ ಮಾಡಿದಳು. ಬೆಲ್ಲಿ ಕಿವಿ ಒದರಿ ಮತ್ತೆ ನಿದ್ದೆ ಹೋಯಿತು. ಅದಕ್ಕೆ ನೋಯಲೇ ಇಲ್ಲ. ಚೆಕಿಂಗ್‌ನಲ್ಲಿ ಪಾಸಾದ ಪೀಸಿನ ಹಾಗೆ ಅದರ ಮುಖ ನೀಟಾಯಿತು ಎಂದು ಮಹಾನಂದಾಳಿಗೆ ಖುಷಿಯೂ ಆಯಿತು.

ಯವ್ವ ಬಂದವಳು ನೀಲಿ ಷರ್ಟಿನ ಮೇಲೆ ಬಿದ್ದಿದ್ದ ಮೀಸೆಗಳನ್ನು ದಾರವೆಂದುಕೊಂಡು ಕೊಡವಿದಳು.

ಅಜ್ಜಿಯ ಮಾತು ಕೇಳಿದ ಮರುದಿನ, ಗುರುವಾರ, ಮಹಾನಂದಾ ಕ್ಲಾಸಿನಲ್ಲಿ ಕೈ ಎತ್ತಿದಳು.

"ಸಾರ್, ಬೆಕ್ಕಿಗೆ ಮೀಸೆ ಯಾಕಿರುತ್ತೆ?"

"ಪೊಲೀಸ್ ಆಗೋಕೆ ಸಾರ್!" ಎಂದ ಹಿಂದಿನ ಬೆಂಚಿನ ಕೃಷ್ಣ. ಕ್ಲಾಸಿಗೆ ಕ್ಲಾಸೇ ನಕ್ಕಿತು.

ಪರಮಾನಂದ ಮೇಷ್ಟ್ರೂ ನಕ್ಕರು. "ಅದು ಬರೀ ಕೂದಲಲ್ಲ ಕಣಮ್ಮ. ಬೆಕ್ಕಿಗೆ ದೂರದ್ದು ಚೆನ್ನಾಗಿ ಕಾಣುತ್ತೆ. ಮೂಗಿನ ಹತ್ರ ಇರೋದು ಅಷ್ಟು ಸರಿಯಾಗಿ ಕಾಣಲ್ಲ. ಅದನ್ನ ಮೀಸೆ ಹೇಳುತ್ತೆ. ಮೀಸೆಯ ಬುಡದಲ್ಲಿ ನರ ಇದೆ, ಗಾಳಿ ಸೋಕಿದ್ರೂ ಗೊತ್ತಾಗುತ್ತೆ. ಬೆಕ್ಕಿನ ಮೈ ಎಷ್ಟು ಅಗಲವೋ ಹೆಚ್ಚುಕಮ್ಮಿ ಮೀಸೆಯೂ ಅಷ್ಟೇ ಅಗಲ. ಸಂದಿಗೆ ಮುಖ ಇಟ್ರೆ ಮೈ ಹಿಡಿಸುತ್ತಾ ಇಲ್ವಾ ಅಂತ ಗೊತ್ತಾಗಿಬಿಡುತ್ತೆ. ಕೃಷ್ಣ, ಇನ್ನೊಂದು ಕೇಳು. ಬೆಕ್ಕಿನ ಮುಂಗಾಲಿನ ಹಿಂದೇನೂ ಮೀಸೆ ಇರುತ್ತೆ!"

"ಕಾಲಿಗೆ ಮೀಸೆನಾ ಸಾರ್!"

"ಸಾರ್," ಮಹಾನಂದಾ ಇನ್ನೂ ನಿಂತೇ ಇದ್ದಳು. "ಕತ್ತರಿಸಿದ್ರೆ?"

"ಮತ್ತೆ ಬರುತ್ತೆ. ಒಂದೆರಡು ತಿಂಗಳು ಬೇಕು. ಅಲ್ಲೀವರೆಗೆ ಪಾಪ, ಅದಕ್ಕೆ ದಾರಿ ತಿಳಿಯೋದು ಕಷ್ಟ. ಯಾಕಮ್ಮ, ಯಾರು ಕತ್ತರಿಸಿದ್ರು?"

ಮಹಾನಂದಾ ಕೂತುಬಿಟ್ಟಳು.

ಒಂದೆರಡು ತಿಂಗಳು! ಭಾನುವಾರಕ್ಕೆ ಇದ್ದದ್ದು ಮೂರೇ ದಿನ. ಬೆಲ್ಲಿ ಒಂದೇ ಒಂದು ಇಲಿ ಹಿಡಿದರೂ ಅಜ್ಜಿ ಇಟ್ಟುಕೊಳ್ಳುತ್ತಾಳೆ ಎಂದುಕೊಂಡಳು ಮಹಾನಂದಾ. ಅಂದು ಸಂಜೆ ಯಾರೂ ಇಲ್ಲದಾಗ ಬೆಲ್ಲಿಯನ್ನು ಎತ್ತಿ ತಂದು ಕಿಂಡಿಯ ಮುಂದೆ ಹಿಡಿದಳು.

"ಹಿಡಸ್ತೈತಿ ಹೋಗಬೇ. ನೀನೇನು ದಪ್ಪ ಆಗಿಲ್ಲ."

ಬೆಲ್ಲಿ ಕಾಲೂರಿ ನಿಂತಿತು. ಮಹಾನಂದಾ ಹಿಂದಿನಿಂದ ನೂಕಿದಳು. ಬೆಲ್ಲಿ ಕಿರುಚಿತು. ಹೆದರಿದಾಗ ಅದರ ಮೀಸೆಗಳು ಕೆನ್ನೆಗೆ ಒತ್ತಿಕೊಳ್ಳುತ್ತಿದ್ದವು. ಈಗ ಒತ್ತಿಕೊಳ್ಳಲು ಅಲ್ಲಿ ಏನೂ ಇರಲಿಲ್ಲ, ಗಿಡ್ಡ ಮುಳ್ಳಿನಂಥ ತುದಿಗಳಷ್ಟೇ. ಅವಳು ಇನ್ನೂ ಜೋರಾಗಿ ನೂಕಿದಳು. ಬೆಲ್ಲಿ ತಿರುಗಿ ಅವಳ ಕೈ ಪರಚಿ ಓಡಿಹೋಯಿತು.

"ಕೈಗೇನಾತು?" ಎಂದಳು ಯವ್ವ, ಅರಿಸಿನ ಹಚ್ಚುತ್ತ.

ಮಹಾನಂದಾ ಎಲ್ಲ ಹೇಳಿದಳು. ಯವ್ವ ಎದ್ದು ಬಾಗಿಲು ಮುಚ್ಚಿ ಬಂದು ಮೆಲ್ಲಗೆ ಅಂದಳು: "ಯಾರ ಮುಂದೂ ಬಾಯಿ ಬಿಡಬ್ಯಾಡ. ಈ ರೂಮ್ ಸಿಗಾಕ ನಿಮ್ಮಪ್ಪ ಎಷ್ಟ ಅಡ್ಡಾಡ್ಯಾನ ಗೊತ್ತೈತಿಲ್ಲೋ? ಓನರಮ್ಮ ಸಿಟ್ಟಾದ್ರ ನಾವ್ ಎಲ್ಲಿ ಹೋಗೂಣು?"

"ಬೆಲ್ಲಿ ಎಲ್ಲಿ ಹೋಗಬೇಕು ಯವ್ವಾ? ಅಲ್ಲಿ ಮೂರು ನಾಯಿ ಅದಾವಂತ."

ಯವ್ವ ಷರ್ಟು ಎತ್ತಿಕೊಂಡಳು. ಅಂದು ಅವಳು ಹಾಡಲೂ ಇಲ್ಲ.

ಭಾನುವಾರ ಬೆಳಿಗ್ಗೆ ಟೆಂಪೋ ಸ್ಟಾರ್ಟ್ ಆದ ಸದ್ದು ಕೇಳಿತು. ಮಹಾನಂದಾಳ ಕೈಯಲ್ಲಿದ್ದ ರೊಟ್ಟಿ ತಟ್ಟೆಗೆ ಬಿತ್ತು. ಅವಳು ಯವ್ವನ ಮುಖ ನೋಡಿದಳು. ಯವ್ವ ಬೇರೆ ಕಡೆ ನೋಡಿದಳು.

ಮಹಾನಂದಾ ಎದ್ದು ಓಡಿದಳು.

ಟೆಂಪೋದ ಸೀಟಿನ ಮೇಲೆ ಬಾಯಿ ಕಟ್ಟಿದ ಗೋಣಿಚೀಲವಿತ್ತು. ಚೀಲ ಮಿಸುಕಾಡುತ್ತಿತ್ತು.

"ಚಿನ್ನಣ್ಣಾ, ನಿಲ್ಸಿ! ನಿಲ್ಸಿ!"

"ಏನಮ್ಮಾ, ನೀನೂ ಬರ್ತೀಯಾ ಆನೇಕಲ್‌ಗೆ?" ಚಿನ್ನಪ್ಪ ನಕ್ಕ.

ಮಹಾನಂದಾ ಅಜ್ಜಿಯ ಕಡೆ ತಿರುಗಿದಳು. ದಾರಿಯಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಗಿತ್ತು. "ಅಜ್ಜಿ, ಬೆಲ್ಲಿಗೆ ವಯಸ್ಸಾಗಿಲ್ಲ. ಅದ್ರ ಮೀಸೆ ನಾನು ಕತ್ತರಿಸ್ಬಿಟ್ಟೆ. ಟ್ರಿಮ್ಮರ್‌ನಾಗ. ಅದಕ್ಕೇ ಕಿಂಡಿ ಅಳತೆ ಸಿಗವಲ್ದು ಅದಕ್ಕ."

"ಏನ್ ಕತ್ತರಿಸ್ದೆ?"

"ಮೀಸೆ."

"ಇಂಗ್ಯಾಕೆ ಮಾಡ್ದೆ ಮಗಾ?"

"ದಾರ ಇದ್ದಂಗ ಇತ್ತು. ಉದ್ದಾ ಗಿಡ್ಡಾ ಇತ್ತು. ಸಮ ಮಾಡಿದೆ."

ಚಿನ್ನಪ್ಪ ಸ್ಟಿಯರಿಂಗ್ ಮೇಲೆ ತಲೆಯಿಟ್ಟು ನಗತೊಡಗಿದ. ಅಜ್ಜಿ ನಗಲಿಲ್ಲ. ಗಂಟು ಬಿಚ್ಚಿ, ಬೆಲ್ಲಿಯನ್ನು ಹೊರಕ್ಕೆ ತೆಗೆದಳು. ಕನ್ನಡಕ ಏರಿಸಿ ಅದರ ಮುಖವನ್ನು ಬಿಸಿಲಿಗೆ ಹಿಡಿದಳು. ಈ ಕೆನ್ನೆ ಸವರಿದಳು, ಆ ಕೆನ್ನೆ ಸವರಿದಳು.

"ದಿನಾ ಎರಡೊತ್ತು ಆಲು ಉಯ್ತೀನಿ," ಎಂದಳು ಮೆಲ್ಲಗೆ. "ಇದ್ರ ಮುಖಾನೇ ನೋಡಿರ್ನಿಲ್ವಲ್ಲೋ ಚಿನ್ನಪ್ಪಾ."

ಅಷ್ಟರಲ್ಲಿ ಯವ್ವ ಬಂದು ಮಹಾನಂದಾಳ ಹಿಂದೆ ನಿಂತಿದ್ದಳು. "ಸಣ್ಣಾಕಿ ಅಮ್ಮಾರ, ತಪ್ಪಾಗೈತಿ. ಟ್ರಿಮ್ಮರ್ ಕೊಟ್ಟಾಕಿ ನಾನು. ರೂಮು ಮಾತ್ರ..."

"ರೂಮಿನ ಮಾತು ಯಾಕ್ ಬಂತೀಗ? ನಾನೇನ್ ರಾಕ್ಸಸೀನಾ?" ಅಜ್ಜಿ ರೇಗಿದಳು. ಆಮೇಲೆ ಮಹಾನಂದಾಳ ಕಡೆ ಬೆರಳು ತೋರಿಸಿದಳು. "ನೋಡು, ನನ್ನ ರಾಗಿ ಎರಡು ಮೂಟೆ ತೂತಾಗೈತೆ. ಇದ್ರ ಮೀಸೆ ಬರೋಗಂಟ ದಿನಾ ಸಂಜೆ ಬೀಗ ತೆಗ್ದು ಇದನ್ನ ಒಳಕ್ಕೆ ಬಿಡೋದು, ಬೆಳಿಗ್ಗೆ ಆಚೆಗೆ ಕರೆಯೋದು ನಿನ್ನ ಕೆಲಸ. ಒಂದಿನ ತಪ್ಪಿದ್ರೂ ಸುಮ್ಕಿರಾಕಿಲ್ಲ."

ಅಂದು ಸಂಜೆ ಅಜ್ಜಿ ಬೀಗದ ಕೈ ಕೊಟ್ಟಳು. ಮಹಾನಂದಾ ಉಗ್ರಾಣದ ಬಾಗಿಲನ್ನು ಗೋಡೆಗೆ ತಾಗುವವರೆಗೂ ತೆರೆದಳು. ಬೆಲ್ಲಿ ಬಂತು. ಆನೆ ಹೋಗುವಷ್ಟು ಜಾಗವಿದ್ದರೂ ಹೊಸ್ತಿಲ ಬಳಿ ನಿಂತುಬಿಟ್ಟಿತು. ಬಾಗಿಲಿನ ಈ ಕಡೆಯ ಚೌಕಟ್ಟಿಗೆ ಕೆನ್ನೆ ಉಜ್ಜಿತು. ನಿಧಾನವಾಗಿ ನಡೆದು ಹೋಗಿ ಆ ಕಡೆಯದಕ್ಕೂ ಉಜ್ಜಿತು. ಕತ್ತಲೆಯೊಳಕ್ಕೆ ಮೂತಿ ಚಾಚಿತು, ಮತ್ತೆ ಎಳೆದುಕೊಂಡಿತು.

ಮಹಾನಂದಾಳ ಕೈ ತಾನಾಗಿ ಮುಂದೆ ಹೋಯಿತು. ಬೆಲ್ಲಿಯ ಬೆನ್ನಿಗೆ ಒಂದು ಗೇಣು ದೂರದಲ್ಲಿ ನಿಂತಿತು. ಅವಳು ಕೈಯನ್ನು ಹಿಂದಕ್ಕೆ ತಂದು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತಳು.

"ನಂದಾ," ರೂಮಿನಿಂದ ಯವ್ವ ಕರೆದಳು. "ಇನ್ನಾ ಹತ್ತು ಪೀಸ್ ಉಳದಾವ, ಬಾ ಲಗೂನ."

"ತಡಿ ಯವ್ವಾ. ಅದು ಇನ್ನಾ ನೋಡಾಕತ್ತೈತಿ."

ಬೆಲ್ಲಿ ಒಂದು ಮುಂಗಾಲನ್ನು ಹೊಸ್ತಿಲಿನ ಆಚೆಗಿಟ್ಟಿತು. ಸ್ವಲ್ಪ ಹೊತ್ತು ಹಾಗೇ ನಿಂತಿತು. ಮಹಾನಂದಾ ಅಲುಗಾಡದೆ ಕೂತೇ ಇದ್ದಳು.